ಶಾಲುಗಳ ಸರದಾರ ಬೆಟ್ಟ ಹತ್ತಿದ್ದು

"ಶಿವರಾತ್ರಿ ಕಳೆದ ಮೇಲೆ ಈ ಚಂದ್ರಮೌಳಿ ಸ್ವೆಟರ್ ಮುಟ್ಟುವವನಲ್ಲ!"

ಹೀಗೆಂದು ನಾನು ಘೋಷಿಸಿದ್ದು ಸಿದ್ಧಾರ್ಥನಗರದ ನಮ್ಮ ಮನೆಯ ಮಲಗುವ ಕೋಣೆಯಲ್ಲಿ, ಮಂಚದ ಮೇಲೆ ಬಾಯ್ತೆರೆದು ಕೂತಿದ್ದ ಸೂಟ್‌ಕೇಸಿನ ಸಾಕ್ಷಿಯಾಗಿ. ಕೇಳಿಸಿಕೊಂಡವಳು ನನ್ನ ಧರ್ಮಪತ್ನಿ ಧರಣಿ. ಅವಳ ಒಂದು ಕೈಯಲ್ಲಿ ನನ್ನ ಕಂದು ಸ್ವೆಟರ್, ಇನ್ನೊಂದು ಕೈಯಲ್ಲಿ ಮಂಕಿ ಕ್ಯಾಪ್. ಮಾರನೆಯ ದಿನ ಶನಿವಾರ ನಾವಿಬ್ಬರೂ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ, ಒಂದು ರಾತ್ರಿ ತಂಗಿ ಬರುವುದೆಂದು ನಿಶ್ಚಯವಾಗಿತ್ತು.

"ಬೆಟ್ಟಕ್ಕೆ ಹೋಗ್ತಿರೋದು ಕಣ್ರೀ, ದೊಡ್ಡಕೆರೆ ಮೈದಾನಕ್ಕಲ್ಲ. ಅಲ್ಲಿ ಗಾಳಿ ಹೆಂಗಿರುತ್ತೋ ಏನೋ!"

"ಹೆಂಗಿರುತ್ತೆ? ತಂಪಾಗಿರುತ್ತೆ! ವಸಂತ ಕಾಲ ಕಣೇ ಇದು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡ್ಹೋಗುತ್ತೆ ಅಂತ ಹಿರಿಯರು ಸುಮ್ನೆ ಹೇಳಿದ್ರಾ?"

"ಮೈಸೂರಿಂದ ಓಡ್ಹೋದ ಚಳಿ ಎಲ್ಲಿಗೆ ಹೋಗುತ್ತೆ? ಬೆಟ್ಟಕ್ಕೇ ತಾನೆ?"

ಇಂಥ ಕುತರ್ಕಕ್ಕೆಲ್ಲ ನಾನು ಉತ್ತರ ಕೊಡುವುದಿಲ್ಲ. ನಮ್ಮ ಮನೆತನ ಶಿವಭಕ್ತರದು. ಶಿವರಾತ್ರಿಯ ಮರುದಿನ ಸ್ವೆಟರು, ರಗ್ಗು, ಮಫ್ಲರ್‌ಗಳಿಗೆಲ್ಲ ನುಸಿಗುಳಿಗೆ ಹಾಕಿ ಅಟ್ಟ ಹತ್ತಿಸುವುದು ನಮ್ಮ ಅಜ್ಜನ ಕಾಲದಿಂದ ಬಂದ ಪದ್ಧತಿ. ಹತ್ತಿಸಿದ್ದನ್ನು ಮತ್ತೆ ಇಳಿಸಿದರೆ ಶಿವನ ಮಾತಿನಲ್ಲಿ ನಂಬಿಕೆಯಿಲ್ಲ ಎಂದಂತೆ. ಅದೂ ಅಲ್ಲದೆ, ಮಂಜಿನ ಬೆಟ್ಟದ ಮೇಲೆ ಬರೀ ಹುಲಿಚರ್ಮ ಸುತ್ತಿಕೊಂಡು ಕೂತವನ ಹೆಸರನ್ನು ಹೊತ್ತ ನಾನು ಮಂಕಿ ಕ್ಯಾಪ್ ಹಾಕಿಕೊಳ್ಳುವುದೇ? ಸ್ವೆಟರನ್ನೂ ಟೋಪಿಯನ್ನೂ ಅವಳ ಕೈಯಿಂದ ಕಿತ್ತು ಮೂಲೆಗೆಸೆದೆ. ಅವಳದನ್ನೂ ಸೂಟ್‌ಕೇಸಿನಿಂದ ತೆಗೆದೆ.

"ಹಾಗೂ ಚಳಿ ಆದ್ರೆ ನನ್ನ ಶಾಲುಗಳಿಲ್ವಾ?" ಎಂದು ಬೀರುವಿನ ಕಡೆ ಕೈ ತೋರಿಸಿದೆ.

ಈ ಶಾಲುಗಳ ಬಗ್ಗೆ ನಿಮಗೆ ಹೇಳಲೇಬೇಕು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನು ಮೈಸೂರಿನ ಸಾಂಸ್ಕೃತಿಕ ರಂಗಕ್ಕೆ ಧುಮುಕಿದೆ. ಈ ಊರಿನಲ್ಲಿ ಸಂಜೆ ಕಾರ್ಯಕ್ರಮವಿಲ್ಲದ ದಿನವಿಲ್ಲ. ಜಯಲಕ್ಷ್ಮಿಪುರಂನಲ್ಲಿ ಪುಸ್ತಕ ಬಿಡುಗಡೆಯಾದರೆ ಅಗ್ರಹಾರದಲ್ಲಿ ಉಪನ್ಯಾಸ. ಎಲ್ಲ ಕಾರ್ಯಕ್ರಮಗಳಲ್ಲೂ ಉದ್ಘಾಟನೆಗೆ ಜನ ಸಿಗುತ್ತಾರೆ, ಅಧ್ಯಕ್ಷತೆಗೆ ನೂಕುನುಗ್ಗಲು. ಯಾರೂ ಒಪ್ಪದ ಕೆಲಸ ಒಂದೇ, ವಂದನಾರ್ಪಣೆ! ಅದು ನನ್ನದು. ಅಧ್ಯಕ್ಷರಿಂದ ಹಿಡಿದು ಮೈಕಿನವನವರೆಗೆ ಒಬ್ಬರನ್ನೂ ಬಿಡದೆ ವಂದಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಆದರೆ ನಾನು ಮೈಕ್ ಹಿಡಿಯುವ ಹೊತ್ತಿಗೆ ಸಭೆಗೆ ಸಭೆಯೇ ಎದ್ದು ಉಪ್ಪಿಟ್ಟಿನ ಕಡೆ ಹೊರಟಿರುತ್ತದೆ. ನಾನು ಇಷ್ಟು ವರ್ಷ ವಂದಿಸಿದ್ದೆಲ್ಲ ಜನರ ಬೆನ್ನುಗಳಿಗೆ.

ಇದಕ್ಕೆ ಸಮಾಧಾನವೆಂದರೆ ಶಾಲು. ಪ್ರತಿ ಕಾರ್ಯಕ್ರಮದಲ್ಲೂ ಕರೆದವರಲ್ಲಿ ಒಬ್ಬ ಅತಿಥಿ ಕೈಕೊಟ್ಟಿರುತ್ತಾನೆ. ಅವನಿಗೆಂದು ತಂದ ಶಾಲು ಕೊನೆಗೆ ನನ್ನ ಹೆಗಲೇರುತ್ತದೆ. ಹೀಗೆ ಬಾರದ ಮಹನೀಯರ ಶಾಲುಗಳು ನಮ್ಮ ಬೀರುವಿನ ನಡುವಿನ ಎರಡು ಅರೆಗಳನ್ನು ತುಂಬಿ, ಬಾಗಿಲು ತೆಗೆದರೆ ಜರಿಯಂಚಿನ ಸಮೇತ ಮೈಮೇಲೆ ಬೀಳುವ ಹಂತಕ್ಕೆ ಬಂದಿದ್ದವು. ನನಗೋ ಅವನ್ನು ನೋಡಿದಾಗಲೆಲ್ಲ ಎದೆಯುಬ್ಬುತ್ತಿತ್ತು. ಧರಣಿಗೆ ಹೊಟ್ಟೆಯುರಿಯುತ್ತಿತ್ತು. ಅವಳ ರೇಷ್ಮೆ ಸೀರೆಗಳೆಲ್ಲ ಮಂಚದ ಕೆಳಗಿನ ಟ್ರಂಕಿನಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಅವಳ ಅಮ್ಮ ಉಡಿಸಿ ಕಳಿಸಿದ್ದ ಹಸಿರು ಮೈಸೂರು ಸಿಲ್ಕ್ ಸೀರೆ ಮಡಿಕೆಯಲ್ಲೇ ಸೀಳುಬಿಟ್ಟಿತೆಂದು ಕಳೆದ ದೀಪಾವಳಿಯಲ್ಲಿ ಕಣ್ಣೊರೆಸಿಕೊಂಡಿದ್ದಳು. ನನಗೂ ಪಾಪ ಅನ್ನಿಸಿತ್ತು. ಅರೆ ಮಾತ್ರ ಬಿಟ್ಟುಕೊಟ್ಟಿರಲಿಲ್ಲ.

"ಆ ಶಾಲುಗಳಾ?" ಎಂದು ಧರಣಿ ನಕ್ಕಳು. "ಅದನ್ನ ಹೊದಿಸಿದ್ರೆ ಟಿ.ವಿ.ಗೂ ನೆಗಡಿ ಆಗುತ್ತೆ. ಬನ್ನಿ, ಪಂದ್ಯ ಕಟ್ಟೋಣ. ಬೆಟ್ಟದ ಮೇಲೆ, ಹೊದೆಯೋಕೆ ಏನಾದ್ರೂ ಕೊಡಿ ಅಂತ ಯಾರು ಮೊದ್ಲು ಬಾಯ್ಬಿಟ್ಟು ಕೇಳ್ತಾರೋ ಅವ್ರು ಸೋತ ಹಾಗೆ. ಯಾರ ಹತ್ರ ಕೇಳಿದ್ರೂ ಸರಿ. ನೀವು ಸೋತ್ರೆ ಆ ಎರಡೂ ಅರೆ ನನ್ನ ಸೀರೆಗೆ."

"ನೀನು ಸೋತ್ರೆ?"

"ಮೂರನೇ ಅರೇನೂ ತಗೊಳ್ಳಿ. ಶಾಲಿನ ಬಗ್ಗೆ ಇನ್ನೊಂದ್ಸಲ ಪಿಟ್ ಅನ್ನಲ್ಲ."

"ನನ್ನ ಶಾಲು ನಾನೇ ಹೊದ್ಕೊಂಡ್ರೆ?"

"ಧಾರಾಳವಾಗಿ ಹೊದ್ಕೊಳ್ಳಿ. ಅದು ಇದ್ರೂ ಒಂದೇ, ಇಲ್ದಿದ್ರೂ ಒಂದೇ!"

ನಾನು ಸೂಟ್‌ಕೇಸಿನಲ್ಲಿ ಹನ್ನೊಂದು ಶಾಲುಗಳನ್ನು ತುಂಬಿದೆ. ಮೇಲೆ, ಒಮ್ಮೆ ಯಾರೋ ಮರೆತು ನನ್ನ ತಲೆಗಿಟ್ಟಿದ್ದ ಮೈಸೂರು ಪೇಟವನ್ನೂ ಇಟ್ಟೆ. ಮರುದಿನ ಬೆಳಗ್ಗೆ ಕಾರಿಗೆ ಸಾಮಾನು ಹೇರುವಾಗ ಧರಣಿ, "ಡಿಕ್ಕಿ ನಾನು ನೋಡ್ಕೋತೀನಿ, ನೀವು ಗ್ಯಾಸ್ ಆಫ್ ಮಾಡಿದೀನಾ ನೋಡಿ ಬೀಗ ಹಾಕ್ಕೊಂಡ್ಬನ್ನಿ" ಎಂದಳು. ಹೆಂಡತಿ ತಾನಾಗಿ ಕೆಲಸ ವಹಿಸಿಕೊಂಡಾಗ ಅನುಮಾನಿಸಬೇಕೆಂಬ ಬುದ್ಧಿ ನನಗೆ ಆಗ ಇರಲಿಲ್ಲ.

ಯಳಂದೂರಿನವರೆಗೆ ಸುಡುಬಿಸಿಲು. ನಾನು ಅಂಗಿಯ ಮೇಲಿನ ಗುಂಡಿ ಬಿಚ್ಚಿ, "ಏನೇ, ಸ್ವೆಟರ್ ಬೇಕಾ?" ಎಂದು ಗಳಿಗೆಗೊಮ್ಮೆ ಕೆಣಕುತ್ತಿದ್ದೆ. ಅವಳು ಕಡಲೆಕಾಯಿ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕಾಡಿನ ತಿರುವುಗಳು ಶುರುವಾಗಿದ್ದೇ ತಡ, ಎಲ್ಲಿತ್ತೋ ಮೋಡ, ಬಂದು ಕವಿಯಿತು. ಮಳೆ ಸುರಿಯಿತು, ಆಲಿಕಲ್ಲು ಬಿತ್ತು, ಹಿಂದೆಯೇ ಗಾಳಿ ಬಂತು. ಅಂಥಿಂಥ ಗಾಳಿಯಲ್ಲ, ಮೂಳೆಯ ವಿಳಾಸ ಕೇಳಿಕೊಂಡು ಬಂದ ಗಾಳಿ! ನಾನು ಕಿಟಕಿಯ ಗಾಜನ್ನು ಏರಿಸಿದೆ. ಧರಣಿ ತನ್ನ ಕಡೆಯದನ್ನು ಇಳಿಸಿದಳು.

"ಆಹಾ, ತಂಪಾಗಿದೆ!" ಎಂದಳು.

ನಾವು ಇಳಿದುಕೊಂಡದ್ದು 'ಗಿರಿಸಂಪಿಗೆ ಕುಟೀರ' ಎಂಬ ಸಣ್ಣ ರೆಸಾರ್ಟ್. ಸಾಮಾನು ತಾನೇ ಇಳಿಸುತ್ತೇನೆಂದು ಧರಣಿ ನನ್ನಿಂದ ಕಾರಿನ ಕೀಲಿ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಾಗಿಲಲ್ಲಿ ಬರಮಾಡಿಕೊಂಡ ಅಡುಗೆಯ ಪಾರ್ವತಮ್ಮ ಸೆರಗನ್ನು ಕಿವಿಗೆ ಬಿಗಿದಿದ್ದರು. "ಇದೇನು ಕಾಲವೋ ಕಣಮ್ಮ! ಸಂಕ್ರಾಂತಿಲೂ ಇಂಗಿರ್ನಿಲ್ಲ. ಚಳಿ ವಾಪಸ್ ಬಂದ್ಬುಟ್ಟದೆ!" ಎಂದು ಧರಣಿಯ ಕೈ ಹಿಡಿದರು. ಧರಣಿ ನನ್ನ ಕಡೆ ತಿರುಗಿ, "ಶಿವಶಿವಾ!" ಎಂದಳು. ಅಷ್ಟೆ.

ಕೋಣೆಯಲ್ಲಿ ಮಂಚವಿತ್ತು, ಹಾಸಿಗೆಯಿತ್ತು, ಹೊದಿಕೆಯಿರಲಿಲ್ಲ. ಗೋಡೆಯ ಮೇಲೆ ಒಂದು ಫಲಕ: 'ಕಂಬಳಿ ಬೇಕಾದವರು ಕೌಂಟರಿನಲ್ಲಿ ಕೇಳಿ ಪಡೆಯಿರಿ.' ಕೇಳಿ! ಅಯ್ಯೋ, ಆ ಒಂದು ಶಬ್ದ ಇಲ್ಲದಿದ್ದರೆ ನನ್ನ ಬಾಳು ಹಸನಾಗುತ್ತಿತ್ತು. ಕೌಂಟರಿನ ಹಿಂದೆ ಕಪಾಟಿನಲ್ಲಿ ಕರಿ ಕಂಬಳಿಗಳು ಸಾಲಾಗಿ ಕೂತಿದ್ದವು. ಮೂರು ಸಲ ಆ ಕಡೆ ಸುಮ್ಮಸುಮ್ಮನೆ ನಡೆದುಹೋದೆ, ಯಾರಾದರೂ ತಾವಾಗಿ ಕೊಟ್ಟಾರೆಂದು. ಯಾರೂ ಕೊಡಲಿಲ್ಲ.

ಇನ್ನು ಉಳಿದದ್ದು ಒಂದೇ ದಾರಿ, ಧರಣಿಯೇ ಮೊದಲು ಕೇಳುವಂತೆ ಮಾಡುವುದು. ಕೋಣೆಗೆ ಬಂದವನೇ ಫ್ಯಾನ್ ಹಾಕಿದೆ.

"ಯಾಕೋ ಸೆಕೆ ಕಣೇ!" ಎಂದೆ. ಹಲ್ಲುಗಳು ಒಂದಕ್ಕೊಂದು ತಾಳ ಹಾಕುತ್ತಿದ್ದವು.

"ಹೌದ್ರೀ, ಏನು ಧಗೆ! ಇನ್ನೊಂದ್ ಪಾಯಿಂಟ್ ಜೋರು ಮಾಡಿ."

ಮಾಡಿದೆ. ಕ್ಯಾಲೆಂಡರ್ ಗೋಡೆಯಿಂದ ಎದ್ದು ಹಾರಾಡಿತು. ಅವಳು ಕಾಲು ಚಾಚಿಕೊಂಡು ಮಂಚದ ಮೇಲೆ ಕೂತು, ಸೆರಗಿನಿಂದ ಬೇರೆ ಬೀಸಿಕೊಂಡಳು! ಈ ಹೆಂಗಸಿನ ರಕ್ತ ಯಾವುದರಿಂದ ಮಾಡಿದ್ದು ಎಂದು ನಾನು ಬೆರಗಾದೆ. ಎಷ್ಟೋ ಹೊತ್ತಾದ ಮೇಲೆ ಅವಳು ಮೆಲ್ಲಗೆ ಎದ್ದಳು. ಸೋತಳು, ಈಗ ಕೇಳುತ್ತಾಳೆ ಎಂದು ನಾನು ಕಿವಿ ನಿಮಿರಿಸಿದೆ.

"ನಾನು ಅಡುಗೆಮನೆಗೆ ಹೋಗಿ ಪಾರ್ವತಮ್ಮನ ಜೊತೆ ಸ್ವಲ್ಪ ಮಾತಾಡ್ಕೊಂಡ್ಬರ್ತೀನಿ. ಬಜ್ಜಿ ಹಾಕ್ತಿದಾರಂತೆ, ಕೈ ಜೋಡಿಸ್ತೀನಿ. ನೀವು ಗಾಳೀಲಿ ಆರಾಮಾಗಿರಿ."

ಅಡುಗೆಮನೆ! ಅಲ್ಲಿ ಸೌದೆ ಒಲೆ! ಎರಡು ಬಾಣಲೆ! ನನಗೆ ಹೊಳೆಯಲೇ ಇಲ್ಲವಲ್ಲ! ಹಿಂದೆಯೇ ಓಡಿದರೆ ಪಾರ್ವತಮ್ಮ ಬಾಗಿಲಲ್ಲೇ ತಡೆದರು. "ಗಂಡಸ್ರು ಇಲ್ಲಿ ಬರಬ್ಯಾಡಿ ಬುಡಿ ಸಾಮಿ, ಜಾಗ ಕಿರಿದು. ಅಮ್ಮಾವ್ರು ಇಲ್ಲೇ ಅವ್ರಲ್ಲ, ಸಾಕು." ಒಳಗೆ ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತಿದ್ದ ಧರಣಿಯ ಕೆನ್ನೆಗಳು ಕೆಂಪಗೆ ಹೊಳೆಯುತ್ತಿದ್ದವು. ನನಗೆ ಕೈಬೀಸಿದಳು.

ಕೋಣೆಗೆ ಮರಳಿ ಫ್ಯಾನ್ ಆರಿಸಿ, ಸೂಟ್‌ಕೇಸ್ ತೆರೆದೆ. ಮೊದಲು ನೇರಳೆ ಶಾಲು ಹೊದ್ದೆ. ಏನೂ ಆಗಲಿಲ್ಲ. ಅದರ ಮೇಲೆ ಕೇಸರಿ, ಅದರ ಮೇಲೆ ಹಸಿರು. ಶಾಲುಗಳು ಏರಿದಂತೆ ಚಳಿಯೂ ಏರಿತು! ಜರಿಯಂಚು ಕತ್ತಿಗೆ ಚುಚ್ಚುತ್ತದೆ, ಬಟ್ಟೆ ಜಾರುತ್ತದೆ, ಗಾಳಿ ಈ ಕಡೆಯಿಂದ ಬಂದು ಆ ಕಡೆಗೆ ಸಲೀಸಾಗಿ ಹೋಗುತ್ತದೆ. ಹನ್ನೊಂದೂ ಆಯಿತು. ಕಿವಿ ಮರಗಟ್ಟಿತೆಂದು ಪೇಟ ಇಟ್ಟುಕೊಂಡೆ. ಆಗ ತಿಳಿಯಿತು, ನಮ್ಮ ಮೈಸೂರು ಪೇಟ ತಲೆಯ ಗೌರವವನ್ನಷ್ಟೇ ಕಾಪಾಡುತ್ತದೆ, ಕಿವಿಯ ಯೋಗಕ್ಷೇಮ ಅದರ ಜವಾಬ್ದಾರಿಯಲ್ಲ. ಹಣೆಯಲ್ಲಿ ಬೆಳಗ್ಗೆ ಧರಿಸಿದ ವಿಭೂತಿ ಬೇರೆ. ಹೀಗೆ ಸರ್ವಾಲಂಕೃತನಾಗಿ, ಮೈ ಬಿಸಿಯಾಗಲೆಂದು ಜಗಲಿಯಲ್ಲಿ ದಡದಡ ಓಡಾಡುತ್ತಿದ್ದಾಗ ಮ್ಯಾನೇಜರ್ ವಾಗೀಶ ಎದುರಾದ. ಕತ್ತಿಗೆ ದಪ್ಪನೆಯ ಉಣ್ಣೆಯ ಮಫ್ಲರ್ ಸುತ್ತಿದ್ದ ತರುಣ. ನಾನು ಅವನ ಮುಖ ನೋಡಲಿಲ್ಲ, ಮಫ್ಲರ್ ನೋಡಿದೆ.

ಅವನು ಮಾತ್ರ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೈಮುಗಿದುಬಿಟ್ಟ.

"ಸರ್... ತಾವು ಯಾರು ಅಂತ ಗೊತ್ತಾಗಲಿಲ್ಲ, ಕ್ಷಮಿಸಬೇಕು. ಇಷ್ಟೊಂದು ಸನ್ಮಾನ ಆಗಿರೋರು ನಮ್ಮ ಕುಟೀರಕ್ಕೆ ಬಂದಿದೀರಿ!"

ನಾನು ಬಾಯಿ ತೆರೆಯುವಷ್ಟರಲ್ಲಿ ಬಜ್ಜಿಯ ತಟ್ಟೆ ಹಿಡಿದು ಬಂದ ಧರಣಿ, "ಇವ್ರಾ? ಮೈಸೂರಲ್ಲಿ ಇವರಿಲ್ದೆ ಒಂದು ಕಾರ್ಯಕ್ರಮಾನೂ ಮುಗಿಯಲ್ಲ!" ಎಂದಳು. ನೋಡಿ, ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ವಾಗೀಶನ ಕಣ್ಣು ತುಂಬಿಬಂತು. ಕುಟೀರಕ್ಕೆ ಅಂದು ಮೊದಲ ವರ್ಷ ತುಂಬಿತ್ತಂತೆ. ಸಂಜೆ ಐದಕ್ಕೆ ಹುಲ್ಲುಹಾಸಿನ ಮೇಲೆ 'ವಸಂತೋತ್ಸವ'ದ ಸಭೆ. ಮುಖ್ಯ ಅತಿಥಿಯಾಗಬೇಕಿದ್ದವರು ದಾರಿಯಲ್ಲಿ ಮರ ಬಿದ್ದಿದೆಯೆಂದು ಹಿಂದಿರುಗಿಬಿಟ್ಟಿದ್ದರು. "ಸರ್, ತಾವೇ ಮುಖ್ಯ ಅತಿಥಿ ಆಗ್ಬೇಕು. ಇಲ್ಲ ಅನ್ಬಾರ್ದು. ಕೊನೇಲಿ ಭರ್ಜರಿ ಸನ್ಮಾನ ಇದೆ."

ಮುಖ್ಯ ಅತಿಥಿ! ಓದುಗರೇ, ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಚಳಿ ಮರೆತುಹೋಯಿತು. ಇಷ್ಟು ವರ್ಷ ವೇದಿಕೆಯ ಕೊನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ನಡುವಿನ ಕೆತ್ತನೆಯ ಕುರ್ಚಿಯನ್ನು ಆಸೆಗಣ್ಣಿನಿಂದ ನೋಡಿದವನು ನಾನು. ಒಮ್ಮೆಯಾದರೂ ಅಲ್ಲಿ ಕೂರಬೇಕು, ಒಮ್ಮೆಯಾದರೂ ಜನ ನನ್ನ ಮಾತನ್ನು ಕೂತು ಕೇಳಬೇಕು ಎಂದು ಎಷ್ಟು ಹಂಬಲಿಸಿದ್ದೆ! ಮೇಲಾಗಿ ಭರ್ಜರಿ ಸನ್ಮಾನ. ಬೆಟ್ಟದ ಮೇಲಿನ ಸನ್ಮಾನವೆಂದರೆ ಬೆಟ್ಟದ ಶಾಲು, ಅಂದರೆ ಉಣ್ಣೆ! ನಾನು ಕೇಳಬೇಕಿಲ್ಲ, ತಾವಾಗಿ ಹೊದಿಸುತ್ತಾರೆ. ಪಂದ್ಯವೂ ಗೆದ್ದೆ, ಪದವಿಯೂ ಸಿಕ್ಕಿತು. ಧರಣಿಯ ಕಡೆ ಮೀಸೆ ತಿರುವಿದೆ.

ವೇದಿಕೆಗೆ ಹತ್ತುವ ಮೆಟ್ಟಿಲಲ್ಲಿ ವಾಗೀಶ ಪಿಸುಗುಟ್ಟಿದ, "ಸರ್, ಈ ಶಾಲುಗಳನ್ನ ತೆಗೆದುಬಿಡೋಣ. ಸನ್ಮಾನಕ್ಕೆ ಭುಜ ಖಾಲಿ ಇರ್ಬೇಕಲ್ವಾ? ಪೇಟಾನೂ ಕೊಡಿ."

ನಾನು ಹೂಂ ಅನ್ನುವ ಮೊದಲೇ ಹನ್ನೊಂದೂ ಶಾಲುಗಳನ್ನು ಈರುಳ್ಳಿ ಸಿಪ್ಪೆಯಂತೆ ಸುಲಿದು ಧರಣಿಯ ಕೈಗೆ ಕೊಟ್ಟಾಗಿತ್ತು. ಅರ್ಧ ತೋಳಿನ ಅಂಗಿಯಲ್ಲಿ ಮುಖ್ಯ ಅತಿಥಿಗಳು ಕೆತ್ತನೆಯ ಕುರ್ಚಿಯಲ್ಲಿ ಆಸೀನರಾದರು. ಮಳೆಯಲ್ಲಿ ನೆನೆದಿದ್ದ ಆ ಕುರ್ಚಿ ಐಸ್‌ಕ್ಯಾಂಡಿಯಂತಿತ್ತು. ಹಿಂದೆ ಪರದೆಯಿಲ್ಲ, ಪಕ್ಕದಲ್ಲಿ ಗೋಡೆಯಿಲ್ಲ. ಕಣಿವೆಯ ಗಾಳಿಗೆ ನನ್ನೊಬ್ಬನನ್ನು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಎದುರಿಗೆ ರೆಸಾರ್ಟಿನ ಕಂಬಳಿ ಹೊದ್ದು ಕೂತ ಸಭಿಕರು. ಎಲ್ಲರೂ ಕೇಳಿ ಪಡೆದವರು, ಪುಣ್ಯವಂತರು!

ದೀಪ ಬೆಳಗಲು ಕರೆದರು. ಮುಖ್ಯ ಅತಿಥಿ ಒಂದು ಬತ್ತಿ ಹಚ್ಚಿ ಮೇಣದಬತ್ತಿಯನ್ನು ಮುಂದಿನವರಿಗೆ ದಾಟಿಸಬೇಕು. ನಾನು ದಾಟಿಸಲಿಲ್ಲ. ಐದೂ ಬತ್ತಿ ನಾನೇ ಹಚ್ಚಿದೆ. ಗಾಳಿಗೆ ಆರಿದ್ದನ್ನು ಸಂತೋಷದಿಂದ ಮತ್ತೆ ಹಚ್ಚಿದೆ. ಎರಡೂ ಅಂಗೈಗಳನ್ನು ಜ್ವಾಲೆಗೆ ಒಡ್ಡಿ, ಕಣ್ಣು ಮುಚ್ಚಿ ನಿಂತೇ ಇದ್ದೆ. "ಎಂಥ ಭಕ್ತಿ ನೋಡ್ರೀ!" ಎಂದು ಮುಂದಿನ ಸಾಲಿನ ಹಿರಿಯರೊಬ್ಬರು ಕೈಮುಗಿದರು. ಕೊನೆಗೆ ವಾಗೀಶ ತೋಳು ಹಿಡಿದು ಕುರ್ಚಿಗೆ ಎಳೆದುತಂದ.

ಸ್ವಾಗತ ಭಾಷಣ, ಪ್ರಾಸ್ತಾವಿಕ ನುಡಿ, ವರದಿ. ನನ್ನ ಕಾಲ್ಬೆರಳುಗಳು ಒಂದೊಂದಾಗಿ ನನ್ನಿಂದ ರಜೆ ಪಡೆದವು. ನನ್ನ ಸರದಿ ಬಂದಾಗ ಮೈಕಿನ ಮುಂದೆ ನಿಂತೆ. ಕನಸಿನಲ್ಲಿ ಎಷ್ಟೋ ಸಲ ಮಾಡಿದ ಭಾಷಣವದು. ಬಾಯಿ ತೆರೆದರೆ, ಏನು ಮಾಡಲಿ, ಅಭ್ಯಾಸ ಬಲ!

"ವೇ-ವೇ-ವೇದಿಕೆಯ ಮೇಲಿನ ಗ-ಗಣ್ಯರಿಗೆ ವಂ-ವಂದನೆಗಳು. ಆಗಮಿಸಿದ ಎ-ಎಲ್ಲರಿಗೂ ವಂದನೆಗಳು. ಮೈ-ಮೈಕಿನವರಿಗೂ..."

ಕಾರ್ಯಕ್ರಮ ಮುಗಿಯಿತೆಂದು ಸಭೆ ಎದ್ದು ನಿಂತಿತು! ಹಿಂದಿನ ಸಾಲು ಬಜ್ಜಿಯ ಕಡೆ ಹೊರಟೇಬಿಟ್ಟಿತು. ವಾಗೀಶ ಓಡಾಡಿ ಎಲ್ಲರನ್ನೂ ಮತ್ತೆ ಕೂರಿಸಿದ. "ಸರ್ ಭಾವುಕರಾಗಿದಾರೆ. ನೋಡಿ, ಹೇಗೆ ನಡುಗ್ತಿದಾರೆ! ಬನ್ನಿ, ಸನ್ಮಾನ ಮಾಡಿಬಿಡೋಣ."

ಬಂತು! ನಾನು ಭುಜಗಳನ್ನು ಮುಂದೆ ಚಾಚಿ, ತಲೆ ಬಗ್ಗಿಸಿ, ಉಣ್ಣೆಯ ಸ್ಪರ್ಶಕ್ಕೆ ಕಾದೆ.

"ನಮ್ಮ ಕುಟೀರ ಪರಿಸರಸ್ನೇಹಿ," ಎಂದ ವಾಗೀಶ ಮೈಕಿನಲ್ಲಿ. "ಹಾರ ಇಲ್ಲ, ಶಾಲು ಇಲ್ಲ. ಮಾನ್ಯರಿಗೆ ಒಂದು ಸಂಪಿಗೆ ಸಸಿ!"

ಆಗ ತಾನೇ ನೀರು ಹನಿಸಿದ, ಮಣ್ಣು ತೊಟ್ಟಿಕ್ಕುವ ಕುಂಡವೊಂದು ನನ್ನ ತೋಳುಗಳಿಗೆ ಬಂದು ಕೂತಿತು. ತಣ್ಣನೆಯ ಕೆಸರುನೀರು ಅಂಗಿಯ ಮುಂಭಾಗದಿಂದ ಹೊಟ್ಟೆಗೆ, ಹೊಟ್ಟೆಯಿಂದ ಇನ್ನೂ ಕೆಳಗೆ ಇಳಿಯತೊಡಗಿತು. ವಾಗೀಶ ಮೈಕನ್ನು ನನ್ನ ಬಾಯಿಗೆ ಹಿಡಿದು, "ಸರ್, ಹೇಗನ್ನಿಸ್ತಿದೆ?" ಎಂದ.

ಬೀರು ಮರೆತೆ. ಅರೆ ಮರೆತೆ. ಹೆಂಡತಿ ಮರೆತೆ.

"ಹೊದೆಯೋಕೆ ಏನಾದ್ರೂ ಕೊಡ್ರಪ್ಪೋ! ಒಂದು ಗೋಣಿಚೀಲ ಆದ್ರೂ ಕೊಡ್ರೋ!"

ನನ್ನ ಆರ್ತನಾದ ಧ್ವನಿವರ್ಧಕದಿಂದ ಹೊರಟು, ಎದುರಿನ ಗುಡ್ಡಕ್ಕೆ ಬಡಿದು, 'ಕೊಡ್ರೋ, ಕೊಡ್ರೋ' ಎಂದು ಮರಳಿ ಬಂತು. ಸಭೆ ದಂಗಾಯಿತು. ಅಡುಗೆಮನೆಯ ಬಾಗಿಲಿನಿಂದ ಧರಣಿ, ನನ್ನ ಶಾಲುಗಳ ಗಂಟು ಹಿಡಿದು, ಮದುವಣಗಿತ್ತಿಯಂತೆ ನಿಧಾನವಾಗಿ ನಡೆದುಬಂದು ವೇದಿಕೆ ಹತ್ತಿದಳು. ನೇರಳೆ ಶಾಲನ್ನು ಬಿಡಿಸಿದಳು. ಅದರ ಮೇಲೆ ನಾನೇ ಬೀಳಿಸಿದ್ದ ಹಳೆಯ ಸಾರಿನ ಕಲೆ. ಅದನ್ನು ನನ್ನ ಭುಜಕ್ಕೆ ಹೊದಿಸಿದಳು. ನಾನು ಮುಖ್ಯ ಅತಿಥಿಯಾಗಿ ಪಡೆದ ಮೊದಲ ಶಾಲು, ನನ್ನದೇ ಶಾಲು!

"ವಂದನಾರ್ಪಣೆ ಯಾರು ಮಾಡ್ತಾರೆ?" ಎಂದು ಕೇಳಿದಳು.

"ಯಾರೂ ಒಪ್ಪಿಲ್ಲ ಮೇಡಂ," ಎಂದ ವಾಗೀಶ.

"ಕೊಡಿ ಇಲ್ಲಿ," ಎಂದು ಮೈಕ್ ತೆಗೆದುಕೊಂಡಳು.

"ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಸುತ್ತಿಬಳಸಿ ವಂದಿಸ್ತಾರೆ, ನಾನು ಚಿಕ್ಕದಾಗಿ ಮುಗಿಸ್ತೀನಿ. ಒಲೆ ಪಕ್ಕ ಜಾಗ ಕೊಟ್ಟ ಪಾರ್ವತಮ್ಮನವರಿಗೆ ವಂದನೆಗಳು. ಶಿವರಾತ್ರಿ ಆದ್ರೂ ನಮಗೋಸ್ಕರ ಮತ್ತೆ ಬಂದ ಚಳಿಗೆ ವಂದನೆಗಳು. ಈಗ ತಾನೇ ನಿಮ್ಮೆಲ್ಲರ ಮುಂದೆ ಬಾಯ್ಬಿಟ್ಟು ಕೇಳಿ, ಪಂದ್ಯ ಸೋತು, ಬೀರುವಿನ ಎರಡು ಅರೆಗಳನ್ನ ನನ್ನ ಸೀರೆಗಳಿಗೆ ಬಿಟ್ಟುಕೊಟ್ಟ ಮಹಾದಾನಿ ಶ್ರೀ ಚಂದ್ರಮೌಳಿಯವರಿಗೆ, ನಮ್ಮಮ್ಮನ ಹಸಿರು ಸೀರೆಯ ಪರವಾಗಿ ಹೃತ್ಪೂರ್ವಕ ವಂದನೆಗಳು. ಕೊನೇದಾಗಿ, ಬೆಳಗ್ಗೆಯಿಂದ ನಮ್ಮಿಬ್ಬರ ಸ್ವೆಟರು, ಮಂಕಿ ಕ್ಯಾಪುಗಳನ್ನ ಸ್ಟೆಪ್ನಿ ಕೆಳಗೆ ಬೆಚ್ಚಗೆ ಕಾಪಾಡಿದ ನಮ್ಮ ಕಾರಿನ ಡಿಕ್ಕಿಗೆ ವಂದನೆಗಳು!"

ನಾನು ಇಷ್ಟು ವರ್ಷ ವಂದನಾರ್ಪಣೆ ಮಾಡಿದ್ದೇನೆ, ಒಬ್ಬನೇ ಒಬ್ಬ ಕೂತು ಕೇಳಿದ್ದಿಲ್ಲ. ಅವಳದಕ್ಕೆ ಒಬ್ಬರೂ ಏಳಲಿಲ್ಲ. ಬಜ್ಜಿ ಆರುತ್ತಿದ್ದರೂ ಏಳಲಿಲ್ಲ! ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ? ಆದರೆ ಆ ಕಿಚ್ಚಿಗೂ ಮೈ ಬೆಚ್ಚಗಾಗಲಿಲ್ಲ. ಸಭೆಯೆಲ್ಲ ಎಡೆಬಿಡದೆ ಚಪ್ಪಾಳೆ ತಟ್ಟಿತು. ಎಲ್ಲರೂ ನಿಲ್ಲಿಸಿದ ಮೇಲೂ ಒಬ್ಬನು ಮಾತ್ರ ಸಂಪಿಗೆ ಕುಂಡವನ್ನು ಕಾಲಬಳಿ ಇಟ್ಟು, ಕೆತ್ತನೆಯ ಕುರ್ಚಿಯಲ್ಲಿ ಕೂತು ಜೋರಾಗಿ ತಟ್ಟುತ್ತಲೇ ಇದ್ದ. ಎಂಥ ಪತ್ನೀಪ್ರೇಮ ಎಂದುಕೊಂಡರು ಜನ. ಅಂಗೈ ಬಿಸಿಯಾಗಲು ಅವನಿಗೆ ಬೇರೆ ದಾರಿಯಿರಲಿಲ್ಲ. ಕಾರಿನ ಕೀಲಿ ಧರಣಿಯ ಸೊಂಟದಲ್ಲಿತ್ತು, ಅದನ್ನೂ ಅವನು ಬಾಯ್ಬಿಟ್ಟು ಕೇಳಬೇಕಿತ್ತು!